ಜೆ-ಪೌಚ್ ಇರುವವರಿಗೆ ಮತ್ತೆ ಮೋಷನ್ ಜಾಸ್ತಿ ಆದರೆ: ಪೌಚೈಟಿಸ್ ತಿಳಿಯುವುದು ಹೇಗೆ, ಏನು ಮಾಡಬೇಕು

ದೊಡ್ಡ ಕರುಳು ತೆಗೆಸಿ ಜೆ-ಪೌಚ್ (ಸಣ್ಣ ಕರುಳಿನಿಂದಲೇ ಒಳಗೆ ಮಾಡುವ ಮಲದ ಚೀಲ) ಮಾಡಿಸಿಕೊಂಡವರು ನನಗೆ ಪದೇ ಪದೇ ಕೇಳುವ ಪ್ರಶ್ನೆ ಒಂದೇ. "ಇಷ್ಟು ದಿನ ಚೆನ್ನಾಗಿತ್ತು. ಈಗ ಮತ್ತೆ ಮೋಷನ್ ಜಾಸ್ತಿ ಆಗಿದೆ. ಕೊಲೈಟಿಸ್ ವಾಪಸ್ ಬಂತಾ? ಆಪರೇಷನ್ ಫೇಲಾಯ್ತಾ?" ಸ್ಟೋಮಾ (ಮಲ ಹೊರಬರಲು ಹೊಟ್ಟೆಯ ಮೇಲೆ ಮಾಡುವ ದಾರಿ) ಮತ್ತು ಪೌಚ್ ಇರುವವರ ಆರೈಕೆಯೇ ನನ್ನ ಕೆಲಸ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವುದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲು ಸಮಾಧಾನದ ಮಾತು. ಆಪರೇಷನ್ ಫೇಲಾಗಿದೆ ಎಂದು ಇದರ ಅರ್ಥ ಅಲ್ಲ. ಬಹಳ ಸಲ ಇದು ಪೌಚೈಟಿಸ್, ಅಂದರೆ ಪೌಚ್‌ನ ಒಳಪದರಕ್ಕೆ ಬರುವ ಉರಿಯೂತ. ಅಲ್ಸರೇಟಿವ್ ಕೊಲೈಟಿಸ್‌ಗಾಗಿ (ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು ತರುವ ಕಾಯಿಲೆ) ಪೌಚ್ ಮಾಡಿಸಿಕೊಂಡವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಜೀವನದಲ್ಲಿ ಒಮ್ಮೆಯಾದರೂ ಬರುತ್ತದೆ. ಹೆಚ್ಚಿನವರಿಗೆ ಮಾತ್ರೆಯಲ್ಲೇ ವಾಸಿಯಾಗುತ್ತದೆ. ಆದರೆ ಮೋಷನ್ ಜಾಸ್ತಿ ಆದದ್ದೆಲ್ಲ ಪೌಚೈಟಿಸ್ ಅಲ್ಲ. ಈ ಲೇಖನದಲ್ಲಿ ನಾನು ಒತ್ತಿ ಹೇಳುವುದು ಅದನ್ನೇ.

ಹಂತ 1: ಒಳಗೆ ಏನಿದೆ ಎಂದು ತಿಳಿದುಕೊಳ್ಳಿ

ದೊಡ್ಡ ಕರುಳನ್ನೂ ಮಲಾಶಯವನ್ನೂ ತೆಗೆದ ಮೇಲೆ ಮಲ ನಿಲ್ಲಲು ಜಾಗ ಇರುವುದಿಲ್ಲ. ಹಾಗಾಗಿ ಸಣ್ಣ ಕರುಳಿನ ಕೊನೆಯ ಭಾಗವನ್ನು ಮಡಚಿ, ಎರಡು ಮಡಿಕೆಗಳನ್ನು ಸೇರಿಸಿ ಹೊಲಿದು ಒಂದು ಚೀಲ ಮಾಡುತ್ತಾರೆ. ಒಂದೊಂದು ಮಡಿಕೆ ಸುಮಾರು 15ರಿಂದ 20 ಸೆಂಟಿಮೀಟರ್ ಉದ್ದ. ಇಂಗ್ಲಿಷಿನ ಜೆ ಅಕ್ಷರದ ಹಾಗೆ ಕಾಣುವುದರಿಂದ ಜೆ-ಪೌಚ್. ಅದರ ತಳವನ್ನು ಗುದದ್ವಾರದ ಮೇಲ್ಭಾಗಕ್ಕೆ ಜೋಡಿಸುತ್ತಾರೆ. ಇಂಥ ಪೌಚ್ ಬಗ್ಗೆ ಮೊದಲು ಬರೆದವರು ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಪಾರ್ಕ್ಸ್ ಮತ್ತು ನಿಕೋಲ್ಸ್, 1978ರಲ್ಲಿ. ಅವರದು ಎಸ್ ಆಕಾರದ ಪೌಚ್. ಎರಡು ವರ್ಷದ ನಂತರ ಜಪಾನಿನ ಉತ್ಸುನೊಮಿಯಾ ಜೆ ಆಕಾರ ತಂದರು. ಈಗ ಹೆಚ್ಚಾಗಿ ಮಾಡುವುದು ಅದನ್ನೇ.

ನಿಮ್ಮ ಕೇಸಿನಲ್ಲಿ ಮುಖ್ಯವಾದ ಮೂರು ಜಾಗಗಳಿವೆ. ಒಂದು, ಪೌಚ್. ಎರಡು, ಪೌಚ್‌ಗಿಂತ ಮೇಲಿರುವ ಸಣ್ಣ ಕರುಳು. ಡಾಕ್ಟರು ಇದನ್ನು ಪ್ರೀ-ಪೌಚ್ ಇಲಿಯಂ ಅನ್ನುತ್ತಾರೆ. ಮೂರು, ಕಫ್. ಸ್ಟೇಪ್ಲರ್‌ನಿಂದ ಜೋಡಿಸುವಾಗ ಹಳೆಯ ಮಲಾಶಯದ ಒಂದೆರಡು ಸೆಂಟಿಮೀಟರ್ ಪಟ್ಟಿ ಉಳಿದಿರುತ್ತದಲ್ಲ, ಅದೇ ಕಫ್. ತೊಂದರೆ ಈ ಮೂರರಲ್ಲಿ ಎಲ್ಲಿದೆ ಎನ್ನುವುದರ ಮೇಲೆ ಕಾಯಿಲೆಯ ಹೆಸರೂ ಔಷಧಿಯೂ ಬದಲಾಗುತ್ತವೆ.

ಉರಿಯೂತ ಯಾಕೆ ಬರುತ್ತದೆ? ಪೂರ್ತಿ ಉತ್ತರ ಯಾರ ಬಳಿಯೂ ಇಲ್ಲ, ಆದರೆ ಸುಳಿವುಗಳು ಗಟ್ಟಿಯಾಗಿವೆ. ಹೊಟ್ಟೆಯ ಮೇಲಿನ ಸ್ಟೋಮಾ ಮುಚ್ಚಿ, ಪೌಚ್‌ನಲ್ಲಿ ಮಲ ನಿಲ್ಲಲು ಶುರುವಾದ ಮೇಲೇ ಪೌಚೈಟಿಸ್ ಬರುವುದು. ಆಂಟಿಬಯಾಟಿಕ್ ಕೊಟ್ಟರೆ ಇಳಿಯುತ್ತದೆ. ಅಂದರೆ ಅಲ್ಲಿನ ಬ್ಯಾಕ್ಟೀರಿಯಾಗಳಿಗೂ ಇದಕ್ಕೂ ಸಂಬಂಧವಿದೆ. ಇನ್ನೊಂದು ಕಡೆ, ಮನೆತನದಲ್ಲೇ ಬರುವ ಪಾಲಿಪ್ ಕಾಯಿಲೆಗೆ (ಎಫ್‌ಎಪಿ) ಇದೇ ಆಪರೇಷನ್ ಮಾಡಿದವರಲ್ಲಿ ಪೌಚೈಟಿಸ್ ಬಹಳ ಕಡಿಮೆ. ಹಾಗಾಗಿ ಕೊಲೈಟಿಸ್ ತಂದ ಅದೇ ರೋಗನಿರೋಧಕ ಸ್ವಭಾವ ಇಲ್ಲೂ ಕೈಯಾಡಿಸುತ್ತದೆ ಎನ್ನಬೇಕು. ನೀವು ಏನೋ ತಪ್ಪು ತಿಂದಿದ್ದಕ್ಕೆ ಬಂದದ್ದಲ್ಲ ಇದು. ಮನೆಯವರು ಊಟದ ಬಗ್ಗೆ ಬೈಯುತ್ತಿದ್ದರೆ ಈ ಪ್ಯಾರಾ ತೋರಿಸಿ.

ಹಂತ 2: ನಿಮ್ಮ ಮಾಮೂಲಿ ಲೆಕ್ಕ ಬರೆದಿಡಿ

ಇದನ್ನು ಆರೋಗ್ಯವಾಗಿರುವಾಗಲೇ ಮಾಡಬೇಕು. ಪೌಚ್ ಚೆನ್ನಾಗಿ ಕೆಲಸ ಮಾಡುತ್ತಿದ್ದರೂ ದಿನಕ್ಕೆ 4ರಿಂದ 8 ಸಲ ಮೋಷನ್ ಆಗುವುದು, ರಾತ್ರಿ ಒಂದೆರಡು ಸಲ ಏಳುವುದು ಸಹಜ. ಗಟ್ಟಿಯಾಗಿಯೂ ಇರುವುದಿಲ್ಲ, ಗಂಜಿಯ ಹದ. ಐದು ಸಲ ಹೋಗುವವರಿಗೆ ಹನ್ನೊಂದು ಸಲ ಆಗುವುದು ಬೇರೆ, ಎಂಟು ಸಲ ಹೋಗುವವರಿಗೆ ಒಂಬತ್ತು ಆಗುವುದು ಬೇರೆ ಅಲ್ವಾ? ಡಾಕ್ಟರು "ಎಷ್ಟು ಜಾಸ್ತಿ ಆಗಿದೆ" ಎಂದು ಕೇಳಿದಾಗ ಹೆಚ್ಚಿನವರಿಗೆ ಹೇಳಲು ಬರುವುದಿಲ್ಲ, ಯಾಕೆಂದರೆ ಮಾಮೂಲಿ ಎಷ್ಟಿತ್ತು ಎನ್ನುವುದೇ ನೆನಪಿರುವುದಿಲ್ಲ.

ತೊಂದರೆ ಶುರುವಾದ ದಿನದಿಂದ ಒಂದು ಚೀಟಿಯಲ್ಲೋ ಮೊಬೈಲಿನಲ್ಲೋ ಹೀಗೆ ಬರೆಯಿರಿ:

ಮಂಗಳವಾರ. ಹಗಲು 11, ರಾತ್ರಿ 4. ನಿದ್ದೆಯಲ್ಲಿ ಎರಡು ಸಲ ಪ್ಯಾಡ್ ಒದ್ದೆ. ರಕ್ತ ಇಲ್ಲ. ಜ್ವರ 99.6. ಕೆಳಹೊಟ್ಟೆ ಹಿಡಿದ ಹಾಗೆ, ಹೋಗಿ ಬಂದ ಮೇಲೆ ಸ್ವಲ್ಪ ಹಗುರ. ಭಾನುವಾರ ಬೆನ್ನುನೋವಿಗೆ ಮೂರು ಮಾತ್ರೆ ತಗೊಂಡಿದ್ದೆ.

ಇಷ್ಟು ಸಾಕು. ಆ ಕೊನೆಯ ಸಾಲು ಬಹಳ ಜನ ಬಿಡುತ್ತಾರೆ, ದಯವಿಟ್ಟು ಬಿಡಬೇಡಿ. ಐಬುಪ್ರೊಫೇನ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್ ತರಹದ ನೋವಿನ ಮಾತ್ರೆಗಳೇ ಪೌಚ್‌ನಲ್ಲಿ ಹುಣ್ಣು, ಉರಿಯೂತ ತರಬಲ್ಲವು. ಕಾಂಬಿಫ್ಲಾಮ್‌ನಲ್ಲೂ ಐಬುಪ್ರೊಫೇನ್ ಇದೆ. ತಲೆನೋವಿಗೆ, ಮೈಕೈ ನೋವಿಗೆ ಪೌಚ್ ಇರುವವರು ಬರೀ ಪ್ಯಾರಾಸಿಟಮಾಲ್‌ಗೆ ನಿಲ್ಲುವುದು ಒಳ್ಳೆಯದು.

ಹಂತ 3: ಲಕ್ಷಣ ಗುರುತಿಸಿ, ಕಾಯಬಾರದ್ದನ್ನು ಕಾಯಬೇಡಿ

ಪೌಚೈಟಿಸ್‌ನಲ್ಲಿ ಸಾಮಾನ್ಯವಾಗಿ ಆಗುವುದು ಹೀಗೆ: ಮೋಷನ್ ಸಂಖ್ಯೆ ಏರುತ್ತದೆ, ನೀರಾಗುತ್ತದೆ, ಬಂತೆಂದರೆ ತಡೆಯಲು ಆಗುವುದಿಲ್ಲ, ಹೊಟ್ಟೆ ಹಿಂಡುತ್ತದೆ, ರಾತ್ರಿ ನಿದ್ದೆಯಲ್ಲಿ ಸೋರುತ್ತದೆ. ಕೆಲವರಿಗೆ ಸಣ್ಣ ಜ್ವರ, ಸುಸ್ತು, ಕೀಲುನೋವು ಜೊತೆಗಿರುತ್ತವೆ. ರಕ್ತ ಹೋಗುವುದು ಕಡಿಮೆ. ಚೆನ್ನಾಗಿ ರಕ್ತ ಕಾಣುತ್ತಿದ್ದರೆ ಕಫ್ ಕಡೆ ಅನುಮಾನ ಹೋಗುತ್ತದೆ.

ಕೆಲವು ಲಕ್ಷಣಗಳಿಗೆ ಡೈರಿ ಬರೆಯುತ್ತ ಕೂರುವಂತಿಲ್ಲ. ಚಳಿ ನಡುಗಿ ಬರುವ ಜೋರು ಜ್ವರ. ಬಿಡದೆ ಇರುವ ಹೊಟ್ಟೆನೋವು. ಹೊಟ್ಟೆ ಉಬ್ಬಿ ವಾಂತಿಯಾಗುತ್ತ, ಗ್ಯಾಸೂ ಮೋಷನ್ನೂ ಹೋಗದೇ ಇರುವುದು (ಕರುಳು ಕಟ್ಟಿಕೊಂಡಿರಬಹುದು). ರಕ್ತ ಜಾಸ್ತಿ ಹೋಗುವುದು. ಎದ್ದರೆ ತಲೆ ಸುತ್ತಿ, ಮೂತ್ರ ತೀರಾ ಕಡಿಮೆಯಾಗಿ ಕಡುಬಣ್ಣ ಬರುವುದು. ಗುದದ ಹತ್ತಿರ ಬಾವು, ಕೀವು. ಮೂತ್ರದಲ್ಲಾಗಲಿ ಹೆಂಗಸರಿಗೆ ಯೋನಿಯಿಂದಾಗಲಿ ಗ್ಯಾಸ್ ಅಥವಾ ಮಲ ಬರುವುದು. ಇವುಗಳಲ್ಲಿ ಯಾವುದೇ ಒಂದು ಇದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಿ, ಸಾಧ್ಯವಾದರೆ ಸರ್ಜರಿ ಆದ ಕಡೆಗೇ. ಕೊನೆಯದನ್ನು ನಾಚಿಕೆಯಿಂದ ತಿಂಗಳುಗಟ್ಟಲೆ ಮುಚ್ಚಿಟ್ಟುಕೊಳ್ಳುವವರಿದ್ದಾರೆ. ಅಮ್ಮನಿಗೋ ಗಂಡನಿಗೋ ಹೇಳಲು ಆಗದಿದ್ದರೂ ಡಾಕ್ಟರಿಗೆ ಹೇಳಿ.

ಹಂತ 4: ನೀರು ಮತ್ತು ಉಪ್ಪು ಇವತ್ತಿನಿಂದಲೇ

ನೀರನ್ನೂ ಉಪ್ಪನ್ನೂ ಹೀರಿಕೊಳ್ಳುತ್ತಿದ್ದ ದೊಡ್ಡ ಕರುಳು ನಿಮಗಿಲ್ಲ. ಹಾಗಾಗಿ ಬೇರೆಯವರಿಗಿಂತ ಬೇಗ ನೀವು ಬತ್ತಿಹೋಗುತ್ತೀರಿ. ಬರೀ ನೀರು ಕುಡಿಯುತ್ತ ಹೋದರೆ ಸಾಲದು, ಉಪ್ಪೂ ಹೋಗಿರುತ್ತದೆ. ಓಆರ್‌ಎಸ್ ಪುಡಿ ತನ್ನಿ. ಪ್ಯಾಕೆಟ್ ಮೇಲೆ ಡಬ್ಲ್ಯೂಎಚ್‌ಒ ಸೂತ್ರ ಎಂದು ಇರಬೇಕು. ಒಂದು ಲೀಟರಿನ ಪ್ಯಾಕೆಟ್ಟನ್ನು ಪೂರ್ತಿ ಒಂದು ಲೀಟರ್ ಕುಡಿಯುವ ನೀರಿಗೇ ಹಾಕಿ. ಲೋಟಕ್ಕೆ ಅಂದಾಜಿನ ಚಿಟಿಕೆ ಹಾಕುವುದು ಬೇಡ. ಒಂದು ದಿನ ಮೀರಿದ ದ್ರಾವಣ ಚೆಲ್ಲಿ. ಹಣ್ಣಿನ ರುಚಿಯ, ಸಿಹಿ ಜಾಸ್ತಿ ಇರುವ ಡಬ್ಬಿ ಪಾನೀಯಗಳು ಓಆರ್‌ಎಸ್ ಅಲ್ಲ. ಸಕ್ಕರೆ ಹೆಚ್ಚಾದರೆ ಮೋಷನ್ ಇನ್ನೂ ನೀರಾಗುತ್ತದೆ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ, ಹಾಗಾಗಿ ಓಆರ್‌ಎಸ್ ಬದಲಿಗೆ ಅದೊಂದೇ ಸಾಲದು. ಉಪ್ಪು ಹಾಕಿದ ಗಂಜಿ ತಿಳಿ, ಉಪ್ಪು ಮಜ್ಜಿಗೆ ನಡುನಡುವೆ ಕುಡಿಯಿರಿ. ಕಿಡ್ನಿ, ಹೃದಯ ಅಥವಾ ಬಿಪಿ ತೊಂದರೆ ಇದ್ದವರು ಎಷ್ಟು ಉಪ್ಪು ಎಂದು ಡಾಕ್ಟರನ್ನು ಕೇಳಿಯೇ ತೀರ್ಮಾನಿಸಿ.

ಹಂತ 5: ಮೆಡಿಕಲ್ ಶಾಪಿನ ಮುಂದೆ ನಿಲ್ಲುವ ಮುಂಚೆ

ಎಲ್ಲರೂ ಎಡವುವ ಜಾಗ ಇದು. ಲೂಸ್ ಮೋಷನ್ ಎಂದರೆ ಅಂಗಡಿಯವರು ಓಫ್ಲಾಕ್ಸಾಸಿನ್-ಆರ್ನಿಡಜೋಲ್ ಎಂಬ ಆಂಟಿಬಯಾಟಿಕ್ ಜೋಡಿ ಮಾತ್ರೆ ಎಣಿಸಿ ಕೊಡುತ್ತಾರೆ. ನಾಲ್ಕು ನುಂಗಿದ ಮೇಲೆ ಸ್ವಲ್ಪ ಕಮ್ಮಿಯಾಗುತ್ತದೆ, ಬಿಡುತ್ತೀರಿ. ಮೂರು ವಾರಕ್ಕೆ ಮತ್ತೆ ಶುರು. ಹೀಗೆ ಅರ್ಧಂಬರ್ಧ ತೆಗೆದುಕೊಂಡಷ್ಟೂ ಬ್ಯಾಕ್ಟೀರಿಯಾ ಪಳಗುತ್ತವೆ, ಮುಂದೆ ನಿಜವಾಗಿ ಬೇಕಾದಾಗ ಔಷಧಿ ಹತ್ತುವುದಿಲ್ಲ. ನಿಮ್ಮದು ಯಾವ ತೊಂದರೆ ಎನ್ನುವುದೂ ಪತ್ತೆಯಾಗದೆ ಉಳಿಯುತ್ತದೆ.

ಲೋಪೆರಮೈಡ್ ಬಗ್ಗೆಯೂ ಎಚ್ಚರಿಕೆ ಬೇಕು. ಮಾಮೂಲಿ ದಿನಗಳಲ್ಲಿ ಮೋಷನ್ ಸಂಖ್ಯೆ ಇಳಿಸಲು ಡಾಕ್ಟರೇ ಇದನ್ನು ಕೊಟ್ಟಿರಬಹುದು. ಆದರೆ ಜ್ವರ, ರಕ್ತ, ಜೋರು ನೋವು ಇರುವಾಗ ಕೇಳದೆ ತೆಗೆದುಕೊಳ್ಳಬೇಡಿ. ಸೋಂಕಿದ್ದರೆ ಒಳಗೇ ಕಟ್ಟಿಹಾಕಿದ ಹಾಗಾಗುತ್ತದೆ.

ಹಂತ 6: ಸರಿಯಾದ ಪರೀಕ್ಷೆ

ಗ್ಯಾಸ್ಟ್ರೋಎಂಟರಾಲಜಿಸ್ಟ್, ಅಂದರೆ ಹೊಟ್ಟೆ-ಕರುಳಿನ ತಜ್ಞರನ್ನು ನೋಡಿ. ಹೋಗುವಾಗ ಆಪರೇಷನ್ನಿನ ಡಿಸ್ಚಾರ್ಜ್ ಸಮರಿ ಮತ್ತು ತೆಗೆದ ಕರುಳಿನ ಬಯಾಪ್ಸಿ ರಿಪೋರ್ಟ್ ತೆಗೆದುಕೊಂಡು ಹೋಗಿ. ಕಫ್ ಉಳಿಸಿದ್ದಾರಾ, ಎಷ್ಟು ಹಂತದಲ್ಲಿ ಸರ್ಜರಿ ಆಯ್ತು, ಆಮೇಲೆ ಹೊಲಿಗೆಯ ಜಾಗದಲ್ಲಿ ಎಲ್ಲಾದರೂ ಲೀಕ್ ಆಗಿತ್ತಾ ಎನ್ನುವುದೆಲ್ಲ ಅದರಲ್ಲಿರುತ್ತದೆ.

ಮೊದಲ ಸಲ, ಲಕ್ಷಣ ಸ್ಪಷ್ಟವಾಗಿದ್ದರೆ ಕೆಲವು ಡಾಕ್ಟರು ಸ್ಕೋಪ್ (ಕ್ಯಾಮೆರಾ ನಳಿಕೆ ಬಿಟ್ಟು ನೋಡುವುದು) ಮಾಡದೆಯೇ ಎರಡು ವಾರ ಆಂಟಿಬಯಾಟಿಕ್ ಕೊಟ್ಟು ನೋಡುತ್ತಾರೆ. ಅದು ತಪ್ಪಲ್ಲ, ಈಗಿನ ಮಾರ್ಗಸೂಚಿಗಳೂ ಒಪ್ಪುತ್ತವೆ. ಆದರೆ ಔಷಧಿಗೆ ಇಳಿಯದಿದ್ದರೆ ಅಥವಾ ಮತ್ತೆ ಮತ್ತೆ ಬರುತ್ತಿದ್ದರೆ ಪೌಚೋಸ್ಕೋಪಿ, ಅಂದರೆ ಪೌಚ್‌ನ ಸ್ಕೋಪ್, ಬೇಕೇ ಬೇಕು. ಇದಕ್ಕೆ ಹೆದರಿ ಮುಂದೂಡುವವರು ತುಂಬಾ ಜನ. ಹಳೆಯ ಕೊಲೊನೋಸ್ಕೋಪಿ, ರಾತ್ರಿಯಿಡೀ ಕುಡಿದ ಆ ಔಷಧಿ ಎಲ್ಲ ನೆನಪಾಗುತ್ತದೆ. ಇದು ಹಾಗಲ್ಲ. ಸಾಮಾನ್ಯವಾಗಿ ಒಂದು ಎನಿಮಾ ಕೊಟ್ಟು ಪೌಚ್ ತೊಳೆಯುತ್ತಾರೆ. ಎಡಗಡೆ ಮಗ್ಗುಲಾಗಿ ಮಲಗಿಸಿ ಕ್ಯಾಮೆರಾ ಇರುವ ತೆಳು ನಳಿಕೆ ಒಳಗೆ ಬಿಡುತ್ತಾರೆ. ಗಾಳಿ ತುಂಬುವಾಗ ಹೊಟ್ಟೆ ಬಿಗಿದ ಹಾಗೆ, ಈಗಲೇ ಹೋಗಬೇಕು ಅನ್ನಿಸಿದ ಹಾಗೆ ಆಗುತ್ತದೆ. ಕೆಲವೇ ನಿಮಿಷಗಳ ಕೆಲಸ. ಬಯಾಪ್ಸಿಗೆ ಚೂರು ತೆಗೆಯುವುದು ಗೊತ್ತೇ ಆಗುವುದಿಲ್ಲ. ತಡೆಯಲು ಆಗದು ಅನ್ನಿಸಿದರೆ ಮುಂಚೆಯೇ ಹೇಳಿ, ಮಂಪರಿನ ಇಂಜೆಕ್ಷನ್ ಕೊಡುತ್ತಾರೆ.

ಮುಗಿದ ಮೇಲೆ ಈ ಪ್ರಶ್ನೆಯನ್ನು ಹೀಗೆಯೇ ಕೇಳಿ: "ಪೌಚ್, ಕಫ್, ಮೇಲಿನ ಸಣ್ಣ ಕರುಳು, ಮೂರನ್ನೂ ನೋಡಿದ್ರಾ? ಎಲ್ಲೆಲ್ಲಿ ಉರಿಯೂತ ಇದೆ?" ರಿಪೋರ್ಟಿನಲ್ಲಿ ಎರಿಥೀಮಾ ಎಂದಿದ್ದರೆ ಕೆಂಪಗಾಗಿದೆ, ಎಡೀಮಾ ಎಂದರೆ ಊದಿದೆ, ಫ್ರಯಬಲ್ ಎಂದರೆ ಮುಟ್ಟಿದರೆ ರಕ್ತ ಬರುವಷ್ಟು ನಾಜೂಕಾಗಿದೆ, ಅಲ್ಸರ್ ಎಂದರೆ ಹುಣ್ಣು. ಸ್ಟೇಪಲ್ ಹಾಕಿದ ಗೆರೆಯ ಮೇಲೆ ಮಾತ್ರ ಸಣ್ಣ ಹುಣ್ಣಿದ್ದರೆ ಅದಷ್ಟಕ್ಕೇ ಪೌಚೈಟಿಸ್ ಎನ್ನುವುದಿಲ್ಲ. ಪಿಡಿಎಐ ಎಂಬ ಅಂಕಿ ಕಾಣಿಸಬಹುದು. ಲಕ್ಷಣ, ಸ್ಕೋಪ್, ಬಯಾಪ್ಸಿ ಮೂರಕ್ಕೂ ಅಂಕ ಕೊಟ್ಟು ಕೂಡಿಸುವ ಅಳತೆ ಅದು. 7 ಅಥವಾ ಹೆಚ್ಚಾದರೆ ಪೌಚೈಟಿಸ್.

ಜೊತೆಗೆ ಮಲ ಪರೀಕ್ಷೆ. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ (ಸಿ.ಡಿಫ್) ಎಂಬ ಬ್ಯಾಕ್ಟೀರಿಯಾದ ಸೋಂಕು ಪೌಚೈಟಿಸ್‌ನಂತೆಯೇ ಕಾಣುತ್ತದೆ. ಈಚೆಗೆ ಯಾವುದಾದರೂ ಆಂಟಿಬಯಾಟಿಕ್ ತೆಗೆದುಕೊಂಡಿದ್ದರೆ ಇದನ್ನು ಖಂಡಿತ ನೋಡಿಸಬೇಕು, ಇದರ ಔಷಧಿಯೇ ಬೇರೆ. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಅಳೆದರೆ ಒಳಗೆ ಉರಿಯೂತ ಇದೆಯೋ ಇಲ್ಲವೋ ಎನ್ನುವ ಅಂದಾಜು ಸಿಗುತ್ತದೆ.

ಪೌಚೈಟಿಸ್ ಅಲ್ಲದಿದ್ದರೆ ಮತ್ತೇನು? ಕಫ್‌ನಲ್ಲಿ ಮಾತ್ರ ಉರಿಯೂತ ಇದ್ದರೆ ಕಫೈಟಿಸ್. ಹಳೆಯ ಕೊಲೈಟಿಸ್ಸಿನ ಉಳಿಕೆಯೇ ಅದು. ಸಾಮಾನ್ಯವಾಗಿ ಗುದದೊಳಗೆ ಇಡುವ ಮೆಸಲಮೈನ್ ಮಾತ್ರೆಗೆ ಅಥವಾ ಸ್ಟೀರಾಯ್ಡ್ ಔಷಧಿಗೆ ಬಗ್ಗುತ್ತದೆ. ಜೋಡಣೆಯ ಜಾಗ ಸಣ್ಣದಾಗಿದ್ದರೆ (ಸ್ಟ್ರಿಕ್ಚರ್) ಪೂರ್ತಿ ಖಾಲಿಯಾಗದೆ ಪದೇ ಪದೇ ಹೋಗಬೇಕಾಗುತ್ತದೆ. ಅದಕ್ಕೆ ಮಾತ್ರೆ ಕೊಟ್ಟರೆ ಏನೂ ಆಗದು, ಅಗಲ ಮಾಡಬೇಕು. ಸ್ಕೋಪ್, ಬಯಾಪ್ಸಿ ಎಲ್ಲ ಸರಿಯಿದ್ದೂ ತೊಂದರೆ ಇದ್ದರೆ ಇರಿಟೇಬಲ್ ಪೌಚ್ ಎನ್ನುತ್ತಾರೆ, ಐಬಿಎಸ್ (ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಕರುಳು ತೊಂದರೆ ಕೊಡುವುದು) ಇದ್ದ ಹಾಗೆ. ಅದೂ ನಿಜವಾದ ತೊಂದರೆಯೇ, ಆದರೆ ಅದಕ್ಕೆ ಆಂಟಿಬಯಾಟಿಕ್ ಸುಮ್ನೆ ದಂಡ. ಮೇಲಿನ ಸಣ್ಣ ಕರುಳಿನಲ್ಲಿ ಹುಣ್ಣು, ಫಿಸ್ಟುಲಾ (ಆಗಬಾರದ ಕಡೆ ಆದ ತೂತುದಾರಿ) ಕಂಡರೆ ಕ್ರೋನ್ಸ್ (ಕರುಳಿನ ಯಾವ ಭಾಗಕ್ಕಾದರೂ ಬರಬಹುದಾದ ಉರಿಯೂತದ ಕಾಯಿಲೆ) ಮಾದರಿಯ ಕಾಯಿಲೆಯ ಯೋಚನೆ ಮಾಡುತ್ತಾರೆ. ನಮ್ಮ ದೇಶದಲ್ಲಿ ಅಂಥ ಹುಣ್ಣು ಕಂಡಾಗ ಕರುಳಿನ ಟಿಬಿ ಅಲ್ಲ ಎಂದೂ ಖಚಿತ ಮಾಡಿಕೊಳ್ಳುತ್ತಾರೆ. ಪರೀಕ್ಷೆ ಜಾಸ್ತಿ ಬರೆದರು ಎಂದು ಬೇಸರ ಮಾಡಿಕೊಳ್ಳಬೇಡಿ.

ಹಂತ 7: ಔಷಧಿ ಸರಿಯಾಗಿ ತೆಗೆದುಕೊಳ್ಳುವುದು

ಮೊದಲ ಆಯ್ಕೆ ಸಾಮಾನ್ಯವಾಗಿ ಸಿಪ್ರೊಫ್ಲಾಕ್ಸಾಸಿನ್ ಅಥವಾ ಮೆಟ್ರೊನಿಡಜೋಲ್, ಸುಮಾರು ಎರಡು ವಾರ. ಹೆಚ್ಚಿನವರಿಗೆ ಕೆಲವೇ ದಿನಗಳಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಆದರೂ ಕೋರ್ಸ್ ಮುಗಿಸಿ.

ಸಿಪ್ರೊಫ್ಲಾಕ್ಸಾಸಿನ್ ನುಂಗುವಾಗ ಹಾಲು, ಮೊಸರು ಜೊತೆಗಿರಬಾರದು. ಕ್ಯಾಲ್ಸಿಯಂ, ಕಬ್ಬಿಣ, ಜಿಂಕ್ ಮಾತ್ರೆ ಮತ್ತು ಅಸಿಡಿಟಿಗೆ ಕುಡಿಯುವ ಆಂಟಾಸಿಡ್ ಇದನ್ನು ಹಿಡಿದಿಟ್ಟು ಮೈಗೆ ಸೇರದಂತೆ ಮಾಡುತ್ತವೆ. ಅವುಗಳಿಗಿಂತ 2 ಗಂಟೆ ಮುಂಚೆ ಅಥವಾ 6 ಗಂಟೆ ನಂತರ ಸಿಪ್ರೊಫ್ಲಾಕ್ಸಾಸಿನ್ ತೆಗೆದುಕೊಳ್ಳಿ. ಹಿಮ್ಮಡಿಯ ಹಿಂದಿನ ನರದ ಹಾಗಿನ ದಪ್ಪ ಪಟ್ಟಿಯಲ್ಲಿ (ಟೆಂಡನ್) ನೋವು ಬಂದರೆ ಮಾತ್ರೆ ನಿಲ್ಲಿಸಿ ಡಾಕ್ಟರಿಗೆ ತಕ್ಷಣ ತಿಳಿಸಿ. ಬಿಸಿಲಿಗೆ ಚರ್ಮ ಉರಿಯಬಹುದು. ಸಕ್ಕರೆ ಕಾಯಿಲೆಯ ಔಷಧಿ ತೆಗೆದುಕೊಳ್ಳುವವರಿಗೆ ಸಕ್ಕರೆ ಏರುಪೇರಾಗಬಹುದು. ಸ್ನಾಯು ಸೆಳೆತಕ್ಕೆ ಕೊಡುವ ಟಿಜಾನಿಡಿನ್ ಜೊತೆ ಇದನ್ನು ಕೊಡಲೇಬಾರದು. ಸೊಂಟನೋವಿನ ಜೋಡಿ ಮಾತ್ರೆಗಳಲ್ಲಿ ಅದು ಅಡಗಿರುತ್ತದೆ, ಪಟ್ಟಿಯ ಹಿಂಬದಿ ಓದಿ ನೋಡಿ.

ಮೆಟ್ರೊನಿಡಜೋಲ್‌ನಲ್ಲಿ ಬಾಯಿ ಲೋಹದ ರುಚಿ ಬರುತ್ತದೆ, ಹೊಟ್ಟೆ ತೊಳೆಸುತ್ತದೆ. ಅದು ಮುಗಿಯುವ ತನಕ ಮತ್ತು ಮುಗಿದ ಮೇಲೆ ಮೂರು ದಿನ ಮದ್ಯ ಮುಟ್ಟಬೇಡಿ. ಕೈಕಾಲು ಜುಮುಜುಮು ಅಂದರೆ ಅಥವಾ ಮರಗಟ್ಟಿದರೆ ತಡಮಾಡದೆ ಹೇಳಿ. ರಕ್ತ ತೆಳು ಮಾಡುವ ವಾರ್ಫರಿನ್, ಅಸಿಟ್ರಾಮ್ ತರಹದ ಮಾತ್ರೆ ಇದ್ದರೆ ಅದರ ಪ್ರಭಾವ ಜಾಸ್ತಿಯಾಗಿ ರಕ್ತಸ್ರಾವ ಆಗಬಹುದು. ಬಸುರಿಯಾಗಿದ್ದರೆ, ಹಾಲೂಡಿಸುತ್ತಿದ್ದರೆ ಔಷಧಿ ಬರೆಯುವ ಮುಂಚೆಯೇ ತಿಳಿಸಿ.

ಊಟದ ಬಗ್ಗೆ ಬಹಳ ಕೇಳುತ್ತೀರಿ. ಪೌಚೈಟಿಸ್ ವಾಸಿ ಮಾಡುವ ಪಥ್ಯ ಅಂತ ಯಾವುದೂ ಇಲ್ಲ. ಜೋರಾಗಿರುವ ದಿನಗಳಲ್ಲಿ ಮೆತ್ತಗಿನ ಅನ್ನ, ಇಡ್ಲಿ, ಬಾಳೆಹಣ್ಣು, ತೆಳು ಸಾರು ಹಿಡಿಸುತ್ತವೆ. ಖಾರ, ಕರಿದದ್ದು, ಸ್ಟ್ರಾಂಗ್ ಕಾಫಿ ಕಡಿಮೆ ಮಾಡಿ. ರಾತ್ರಿ ಊಟ ಬೇಗ ಮುಗಿಸಿದರೆ ನಿದ್ದೆ ಸ್ವಲ್ಪ ಸಿಗುತ್ತದೆ. ಆದರೆ ಇದನ್ನೇ ತಿಂಗಳುಗಟ್ಟಲೆ ಎಳೆಯಬೇಡಿ. ಪೌಚ್ ಇರುವವರನ್ನು ಗಮನಿಸಿದ ಇಸ್ರೇಲಿನ ಒಂದು ಅಧ್ಯಯನದಲ್ಲಿ ಹಣ್ಣು ಹೆಚ್ಚು ತಿನ್ನುವವರಿಗೆ ಪೌಚೈಟಿಸ್ ಕಡಿಮೆ ಇತ್ತು. ಹಾಗಾಗಿ ಇಳಿದ ಮೇಲೆ ಹಣ್ಣನ್ನು ಮತ್ತೆ ತಟ್ಟೆಗೆ ತನ್ನಿ.

ಗುದದ ಸುತ್ತ ಉರಿ ಇದ್ದರೆ ಕಾಗದದಿಂದ ಉಜ್ಜದೆ ನೀರಿನಲ್ಲಿ ತೊಳೆದು, ಮೆತ್ತಗಿನ ಬಟ್ಟೆ ಒತ್ತಿ ಒಣಗಿಸಿ, ಜಿಂಕ್ ಆಕ್ಸೈಡ್ ಕ್ರೀಮ್ ತೆಳ್ಳಗೆ ಹಚ್ಚಿ.

ಹಂತ 8: ಮತ್ತೆ ಮತ್ತೆ ಬಂದರೆ

ಇದನ್ನು ಕೇಳುವಾಗ ಜನರ ದನಿಯೇ ಕುಗ್ಗಿರುತ್ತದೆ. ದಾರಿಗಳಿವೆ, ಗಾಬರಿ ಬೇಡ. ನಾಲ್ಕು ವಾರದೊಳಗೆ ಇಳಿದರೆ ಅಕ್ಯೂಟ್, ನಾಲ್ಕು ವಾರ ಮೀರಿದರೆ ಕ್ರಾನಿಕ್ ಎನ್ನುವುದು ವಾಡಿಕೆ. ಕ್ರಾನಿಕ್‌ನಲ್ಲೂ ಎರಡು ಬಗೆ. ಆಂಟಿಬಯಾಟಿಕ್ ಇದ್ದಷ್ಟು ದಿನ ಚೆನ್ನಾಗಿದ್ದು ಬಿಟ್ಟರೆ ಮರುಕಳಿಸುವುದು ಒಂದು. ಆಂಟಿಬಯಾಟಿಕ್‌ಗೆ ಬಗ್ಗದೇ ಇರುವುದು ಇನ್ನೊಂದು.

ಮೊದಲನೆಯದಕ್ಕೆ ಕಡಿಮೆ ಪ್ರಮಾಣದಲ್ಲಿ ದೀರ್ಘಕಾಲ ಆಂಟಿಬಯಾಟಿಕ್ ಕೊಡಬಹುದು ಅಥವಾ ಬದಲಾಯಿಸುತ್ತ ಹೋಗಬಹುದು. ಎಂಟು ಬಗೆಯ ಬ್ಯಾಕ್ಟೀರಿಯಾ ಸೇರಿದ ಒಂದು ಪ್ರೊಬಯಾಟಿಕ್ ಮಿಶ್ರಣ, ಇಳಿದ ಪೌಚೈಟಿಸ್ ಮತ್ತೆ ಬರದಂತೆ ತಡೆಯಲು ಕೆಲವರಿಗೆ ನೆರವಾಗಿದೆ. ಸಾಕ್ಷ್ಯ ಅಷ್ಟೇನೂ ಗಟ್ಟಿಯಿಲ್ಲ, ಬೆಲೆಯೂ ಜಾಸ್ತಿ. ಅಂಗಡಿಯಲ್ಲಿ ಸಿಗುವ ಯಾವುದೋ ಪ್ರೊಬಯಾಟಿಕ್ ಅದಕ್ಕೆ ಸಮ ಅಲ್ಲ. ಮನೆಯ ಮೊಸರು ಊಟಕ್ಕೆ ಚೆನ್ನ, ಆದರೆ ಅದು ಈ ಔಷಧಿಯ ಜಾಗ ತುಂಬುವುದಿಲ್ಲ.

ಎರಡನೆಯದಕ್ಕೆ ಮೊದಲು ಮತ್ತೆ ಕಾರಣ ಹುಡುಕಬೇಕು: ಸಿ.ಡಿಫ್, ನೋವಿನ ಮಾತ್ರೆ, ಹಳೆಯ ಲೀಕ್‌ನಿಂದ ಉಳಿದ ಕೀವು, ಕ್ರೋನ್ಸ್. ಪಿಎಸ್‌ಸಿ ಎಂಬ ಪಿತ್ತನಾಳದ ಕಾಯಿಲೆ ಇರುವವರಿಗೆ ಪೌಚೈಟಿಸ್ ಹೆಚ್ಚು, ಹಾಗಾಗಿ ಲಿವರ್ ಪರೀಕ್ಷೆಯೂ ಬೇಕು. ಇವೆಲ್ಲ ಅಲ್ಲವೆಂದಾದರೆ ಕರುಳಿನೊಳಗೇ ಕೆಲಸ ಮಾಡುವ ಬ್ಯುಡೆಸೊನೈಡ್ ಎಂಬ ಸ್ಟೀರಾಯ್ಡ್, ಆಮೇಲೆ ಬಯಾಲಜಿಕ್ ಇಂಜೆಕ್ಷನ್‌ಗಳು (ಉರಿಯೂತ ತರುವ ರೋಗನಿರೋಧಕ ಕ್ರಿಯೆಯನ್ನು ತಡೆಯುವ ಔಷಧಿಗಳು). ಅವುಗಳಲ್ಲಿ ವೆಡೊಲಿಜುಮಾಬ್ ಎಂಬುದಕ್ಕೆ ಯುರೋಪಿನಲ್ಲಿ 2022ರಲ್ಲಿ ಆಂಟಿಬಯಾಟಿಕ್‌ಗೆ ಸರಿಹೋಗದ ಪೌಚೈಟಿಸ್‌ಗೆಂದೇ ಒಪ್ಪಿಗೆ ಸಿಕ್ಕಿತು. ಬಯಾಲಜಿಕ್ ದುಬಾರಿ. ಶುರು ಮಾಡುವ ಮುಂಚೆ ಟಿಬಿ ಮತ್ತು ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸುತ್ತಾರೆ. ಇನ್ಶೂರೆನ್ಸ್‌ನಲ್ಲಿ ಎಷ್ಟು ಸಿಗುತ್ತದೆ, ಎಷ್ಟು ಡೋಸ್ ಆದ ಮೇಲೆ ಉಪಯೋಗ ಆಯ್ತೋ ಇಲ್ಲವೋ ತೀರ್ಮಾನಿಸುತ್ತಾರೆ, ಎರಡನ್ನೂ ಮೊದಲ ಡೋಸ್‌ಗೆ ಮುಂಚೆ ಕೇಳಿ. ಯಾವುದಕ್ಕೂ ಬಗ್ಗದ ಕೆಲವರಿಗೆ ಮಾತ್ರ ಮತ್ತೆ ಸ್ಟೋಮಾದ ಮಾತು ಬರುತ್ತದೆ.

ಹಂತ 9: ಇಳಿದ ಮೇಲೆ

ನಿಮ್ಮ ಮಾಮೂಲಿ ಲೆಕ್ಕವನ್ನು ಮತ್ತೆ ಒಂದು ವಾರ ಬರೆಯಿರಿ, ಮೊದಲಿಗಿಂತ ಬದಲಾಗಿರಬಹುದು. ಯಾವ ಮಾತ್ರೆ, ಎಷ್ಟು ದಿನ, ಎಷ್ಟು ದಿನಕ್ಕೆ ಇಳಿಯಿತು ಎಂದು ತಾರೀಕು ಸಹಿತ ಅದೇ ಹಾಳೆಯಲ್ಲಿ ಬರೆದಿಡಿ. ಮುಂದಿನ ಸಲ ಬೇರೆ ಊರಿನ ಡಾಕ್ಟರಿಗೂ ಅದು ಸಾಕಾಗುತ್ತದೆ. ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್, ಕಬ್ಬಿಣ, ಬಿ12, ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ಇವು ಪೌಚ್ ಇರುವವರಲ್ಲಿ ಕಡಿಮೆಯಾಗುವುದು ಸಾಮಾನ್ಯ, ಆ ಸುಸ್ತನ್ನು ಪೌಚೈಟಿಸ್ ಸುಸ್ತು ಎಂದು ತಪ್ಪು ತಿಳಿಯುತ್ತಾರೆ. ತೆಗೆದ ಕರುಳಿನಲ್ಲಿ ಕ್ಯಾನ್ಸರ್ ಅಥವಾ ಡಿಸ್‌ಪ್ಲೇಸಿಯಾ (ಕ್ಯಾನ್ಸರ್ ಆಗಬಹುದಾದ ಜೀವಕೋಶಗಳು) ಕಂಡಿದ್ದವರಿಗೆ, ಪಿಎಸ್‌ಸಿ ಇರುವವರಿಗೆ ತೊಂದರೆ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಸ್ಕೋಪ್ ಬೇಕು. ಉಳಿದವರು ಎಷ್ಟು ವರ್ಷಕ್ಕೊಮ್ಮೆ ಎಂದು ನಿಮ್ಮ ಡಾಕ್ಟರನ್ನು ಕೇಳಿ, ಆ ಉತ್ತರವನ್ನೂ ಹಾಳೆಯಲ್ಲಿ ಬರೆದುಕೊಳ್ಳಿ.